ಅಶ್ವಶಕ್ತಿ ಮತ್ತು ಆಯವ್ಯಯ: ಹೊಸ ವಾಹನ ಕೊಳ್ಳುವ ವರ್ತಕರು ಗಮನಿಸಬೇಕಾದ ಅಂಶಗಳು

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ ಹಾಗೂ ವಸತಿಗೃಹಗಳೊಂದಿಗೆ ಬೆಳೆದ ಊರು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇರಿಸಿದ ಈ ಯೋಜನೆಯ ನೀರು, ನಾರಾಯಣಪುರ ಎಡದಂಡೆ ಕಾಲುವೆಯ ಮೂಲಕ ಶಹಾಪುರ ಮತ್ತು ಸುರಪುರ ಸೀಮೆಗೆ ಹರಿದ ಮೇಲೆ ಜೋಳ, ತೊಗರಿಗಳ ಜೊತೆಗೆ ಭತ್ತ, ಹತ್ತಿ, ಮೆಣಸಿನಕಾಯಿಗಳೂ ಮಾರುಕಟ್ಟೆಗೆ ಬರತೊಡಗಿದವು. ಬೆಳೆ ಹೆಚ್ಚಿದಲ್ಲಿ ಸಾಗಣೆಯೂ ಹೆಚ್ಚುತ್ತದೆ. ಅಡತ್ ವ್ಯಾಪಾರಿ, ಅಕ್ಕಿ ಗಿರಣಿ ಮಾಲೀಕ, ಹತ್ತಿ ಜಿನ್ನಿನ ಪಾಲುದಾರ, ಹೀಗೆ ಈ ಭಾಗದ ವಾಣಿಜ್ಯದಲ್ಲಿ ತೊಡಗಿದ ಬಹುತೇಕರು ಒಂದಲ್ಲ ಒಂದು ದಿನ ಹೊಸ ವಾಹನದ ಷೋರೂಮಿನ ಮುಂದೆ ನಿಲ್ಲುವವರೇ ಆಗಿದ್ದಾರೆ.

ಅಲ್ಲಿ ಅವರನ್ನು ಸೆಳೆಯುವುದು ಹೆಚ್ಚಾಗಿ ಎಂಜಿನ್ನಿನ ಶಕ್ತಿ. ಈ ಸೆಳೆತದಲ್ಲಿ ತಪ್ಪೇನೂ ಇಲ್ಲ. ಆದರೆ ಸುಗ್ಗಿಯ ಹಣ ಬರುವುದು ವರ್ಷಕ್ಕೊಮ್ಮೆ ಅಥವಾ ಎರಡು ಬಾರಿ. ಸಾಲದ ಕಂತು ಬರುವುದು ಹನ್ನೆರಡು ಬಾರಿ. ಕಾಲುವೆ ಬತ್ತಿದ ತಿಂಗಳುಗಳಲ್ಲಿ ಕಂತು ತಪ್ಪಿದರೆ ವಾಹನ ಮಾತ್ರವಲ್ಲ, ಅದಕ್ಕಾಗಿ ಒತ್ತೆ ಇಟ್ಟ ಗೋದಾಮೂ ಕೈಬಿಡುವ ಸಂಭವವುಂಟು. ಆದ್ದರಿಂದ ಶಕ್ತಿಶಾಲಿ ವಾಹನದ ವಿಚಾರವನ್ನು ಲೆಕ್ಕಪುಸ್ತಕದ ಪಕ್ಕದಲ್ಲಿಟ್ಟು ನೋಡುವುದು ಅಗತ್ಯ.

ಹವ್ಯಾಸದ ವಾಹನಗಳು: ಕರ್ನಾಟಕದ ಪರಂಪರೆ

ವೇಗದ ವಾಹನಗಳ ಮೇಲಿನ ಪ್ರೀತಿ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಮತ್ತು ಯೆಜ್ದಿ ಮೋಟಾರ್‌ಸೈಕಲ್‌ಗಳನ್ನು ತಯಾರಿಸಿತು. 250 ಸಿ.ಸಿ. ಎಂಜಿನ್ನಿನ ಯೆಜ್ದಿ ರೋಡ್‌ಕಿಂಗ್ ಒಂದು ಪೀಳಿಗೆಯ ಯುವಕರ ಕನಸಾಗಿತ್ತು. ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತಾದರೂ ತಯಾರಿಕೆ ಮಧ್ಯಪ್ರದೇಶದ ಪೀತಾಂಪುರಕ್ಕೆ ಹೋಯಿತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಅಲ್ಟ್ರಾವಯಲೆಟ್ ಸಂಸ್ಥೆಯು ಎಫ್77 ಎಂಬ ವಿದ್ಯುತ್ ಮೋಟಾರ್‌ಸೈಕಲ್ಲನ್ನು ಬಿಡುಗಡೆ ಮಾಡಿ, ಪೆಟ್ರೋಲ್ ಇಲ್ಲದೆಯೂ ಹವ್ಯಾಸಿಗಳ ವಾಹನ ಸಾಧ್ಯವೆಂದು ತೋರಿಸಿತು. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುವ ಫಾರ್ಚುನರ್ ಕಾರು ತಾಲ್ಲೂಕು ಕೇಂದ್ರಗಳಲ್ಲಿಯೂ ಪ್ರತಿಷ್ಠೆಯ ಗುರುತಾಗಿದೆ.

ಲಾರಿಗಳೂ ಇದಕ್ಕೆ ಹೊರತಲ್ಲ. ವೋಲ್ವೋ ಸಂಸ್ಥೆಯು 1998ರಲ್ಲಿ ಹೊಸಕೋಟೆಯಲ್ಲಿ ಲಾರಿ ತಯಾರಿಕೆ ಆರಂಭಿಸಿದಾಗ ಭಾರತೀಯ ರಸ್ತೆಗಳಿಗೆ ಬೇರೆಯದೇ ಶಕ್ತಿವರ್ಗದ ಪರಿಚಯವಾಯಿತು. 2014ರಲ್ಲಿ ಟಾಟಾ ಮೋಟಾರ್ಸ್ ಸಂಸ್ಥೆಯು ಗ್ರೇಟರ್ ನೋಯ್ಡಾದ ಬುದ್ಧ ಅಂತಾರಾಷ್ಟ್ರೀಯ ಓಟದ ಪಥದಲ್ಲಿ ಪ್ರೈಮಾ ಲಾರಿಗಳ ಸ್ಪರ್ಧೆಯನ್ನೇ ಏರ್ಪಡಿಸಿತು. 2017ರ ಹೊತ್ತಿಗೆ ಸಾವಿರ ಅಶ್ವಶಕ್ತಿಯ ಸ್ಪರ್ಧಾ ಲಾರಿಯನ್ನು ಪ್ರದರ್ಶಿಸಿತು. ನೋಡಲು ಇವೆಲ್ಲ ರೋಮಾಂಚಕ. ಆದರೆ ಭತ್ತ ಹೊರುವ ಲಾರಿಗೆ ಬೇಕಾದ ಶಕ್ತಿಯ ಲೆಕ್ಕ ಬೇರೆ.

ಮಾದರಿಯ ಸಂಖ್ಯೆಯಲ್ಲೇ ಇರುವ ಮಾಹಿತಿ

ನಮ್ಮ ದೇಶದ ಹಲವು ಲಾರಿಗಳ ಹೆಸರಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿಗಳು ಸರಕು ಸಹಿತ ಒಟ್ಟು ತೂಕವನ್ನು ಟನ್ನುಗಳಲ್ಲಿ ಸೂಚಿಸುತ್ತವೆ. ಕೊನೆಯ ಎರಡನ್ನು ಹತ್ತರಿಂದ ಗುಣಿಸಿದರೆ ಅಶ್ವಶಕ್ತಿ ಸುಮಾರಾಗಿ ದೊರೆಯುತ್ತದೆ. 2825 ಎಂದರೆ 28 ಟನ್, 250 ಅಶ್ವಶಕ್ತಿ. 5530 ಎಂದರೆ 55 ಟನ್, 300 ಅಶ್ವಶಕ್ತಿ.

ಅಶ್ವಶಕ್ತಿಯಷ್ಟೇ ಮುಖ್ಯವಾದುದು ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ. ಫಾರ್ಚುನರ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಸುಮಾರು 200 ಅಶ್ವಶಕ್ತಿ ಹಾಗೂ ಆಟೋಮ್ಯಾಟಿಕ್ ಮಾದರಿಯಲ್ಲಿ 500 ನ್ಯೂಟನ್-ಮೀಟರ್ ಟಾರ್ಕ್ ನೀಡುತ್ತದೆ. 250 ಅಶ್ವಶಕ್ತಿಯ ಲಾರಿ ಎಂಜಿನ್ನಿನ ಟಾರ್ಕ್ ಸಾಮಾನ್ಯವಾಗಿ 900ರ ಆಸುಪಾಸಿನಲ್ಲಿರುತ್ತದೆ, ಅದೂ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ. ಭಾರ ಹೊತ್ತು ನಿಂತ ಗಾಡಿಯನ್ನು ಎಬ್ಬಿಸುವುದು ಈ ಬಲ. ಸರಕು ಲಾರಿಗಳಿಗೆ ಗಂಟೆಗೆ 80 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ಕಡ್ಡಾಯವಾಗಿರುವುದರಿಂದ, ಹೆಚ್ಚುವರಿ ಅಶ್ವಶಕ್ತಿಗೆ ತೆತ್ತ ಹಣ ವೇಗವಾಗಿ ಮರಳುವುದಿಲ್ಲ. ಏರುದಾರಿ ಮತ್ತು ಭಾರ ಇರುವಲ್ಲಿ ಮಾತ್ರ ಮರಳುತ್ತದೆ. ಬಯಲುಸೀಮೆಯಲ್ಲೇ ಓಡಾಡುವ ಲಾರಿಗೂ ಘಾಟಿ ಹತ್ತಿ ಮಂಗಳೂರು ಬಂದರಿಗೆ ಹೋಗುವ ಲಾರಿಗೂ ಒಂದೇ ಎಂಜಿನ್ ಬೇಕಾಗಿಲ್ಲ.

ಸರಕಿನ ಸ್ವಭಾವವೂ ಇಲ್ಲಿ ನಿರ್ಣಾಯಕ. ಭತ್ತ ತುಂಬಿದ ಲಾರಿಯಲ್ಲಿ ಜಾಗ ಉಳಿದಿರುವಾಗಲೇ ತೂಕದ ಮಿತಿ ಮುಟ್ಟುತ್ತದೆ. ಬಿಡಿ ಹತ್ತಿ ತುಂಬಿದರೆ ತೂಕ ಉಳಿದಿರುವಾಗಲೇ ಜಾಗ ಮುಗಿಯುತ್ತದೆ. ಭತ್ತದ ವ್ಯಾಪಾರಿ ಆಕ್ಸಲ್ಲಿನ ಸಾಮರ್ಥ್ಯ ನೋಡಬೇಕು. ಹತ್ತಿಯವರು ಉದ್ದನೆಯ ಬಾಡಿ ನೋಡಬೇಕು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ, ಜೋಡಿ ಆಕ್ಸಲ್ಲಿನ ಮಿತಿಯನ್ನು 19ರಿಂದ 21 ಟನ್ನಿಗೆ ಏರಿಸಿತು. ಆದರೆ 2019ರ ತಿದ್ದುಪಡಿಯಂತೆ ಮಿತಿ ಮೀರಿದ ಭಾರಕ್ಕೆ 20,000 ರೂ. ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡವಿದೆ. ಎಂಜಿನ್ ಎಳೆಯುತ್ತದೆ ಎಂದ ಮಾತ್ರಕ್ಕೆ ಹೇರುವ ಹಕ್ಕು ಬರುವುದಿಲ್ಲ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್.-6 ಮಾನದಂಡದ ಲಾರಿಗಳಲ್ಲಿ ಹೊಗೆ ಶುದ್ಧೀಕರಣಕ್ಕೆ ಡೀಸೆಲ್ ಜೊತೆಗೆ ಯೂರಿಯಾ ದ್ರಾವಣವೂ ಬೇಕಾಗುತ್ತದೆ. ಇದನ್ನು ಪ್ರತ್ಯೇಕ ಖರ್ಚಿನ ಬಾಬ್ತಾಗಿ ಬರೆದಿಡುವುದು ಒಳಿತು. ಹೊಸ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಹವಾನಿಯಂತ್ರಣವೂ 2025ರಿಂದ ಕಡ್ಡಾಯವಾಗಿದೆ. ಯಾದಗಿರಿ ಜಿಲ್ಲೆಯ ಏಪ್ರಿಲ್, ಮೇ ಬಿಸಿಲನ್ನು ಬಲ್ಲವರು ಇದನ್ನು ದುಂದುವೆಚ್ಚ ಎನ್ನಲಾರರು.

ಜಿ.ಎಸ್.ಟಿ. ಎಳೆದ ಗೆರೆಗಳು

2025ರ ಸೆಪ್ಟೆಂಬರ್ 22ರಿಂದ ವಾಹನಗಳ ಮೇಲಿನ ಜಿ.ಎಸ್.ಟಿ. ದರಗಳು ಬದಲಾದವು. ಸರಕು ಸಾಗಣೆ ವಾಹನಗಳ ದರ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 30 ಲಕ್ಷ ರೂ. ಬೆಲೆಯ ಲಾರಿಗೆ 8.40 ಲಕ್ಷದ ಬದಲು 5.40 ಲಕ್ಷ ರೂ. ತೆರಿಗೆ, ಅಂದರೆ 3 ಲಕ್ಷ ರೂ. ವ್ಯತ್ಯಾಸ. ಮೋಟಾರ್‌ಸೈಕಲ್‌ಗಳಲ್ಲಿ 350 ಸಿ.ಸಿ.ವರೆಗಿನವು ಶೇ. 18ಕ್ಕೆ ಇಳಿದರೆ, ಅದಕ್ಕಿಂತ ದೊಡ್ಡವು ಶೇ. 40ರ ವರ್ಗಕ್ಕೆ ಏರಿದವು. 349 ಸಿ.ಸಿ.ಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಗೆರೆಯ ಈಚೆಗಿದೆ, ಅದೇ ಸಂಸ್ಥೆಯ 650 ಸಿ.ಸಿ. ಮಾದರಿಗಳು ಆಚೆಗಿವೆ. ದೊಡ್ಡ ಕಾರುಗಳಿಗೂ ಶೇ. 40, ವಿದ್ಯುತ್ ವಾಹನಗಳಿಗೆ ಶೇ. 5.

ದರಕ್ಕಿಂತ ದೊಡ್ಡ ಪ್ರಶ್ನೆ ಇನ್‌ಪುಟ್ ತೆರಿಗೆ ಜಮೆಯದು. ಚಾಲಕ ಸೇರಿ 13 ಆಸನಗಳನ್ನು ಮೀರದ, ಜನರನ್ನು ಒಯ್ಯುವ ವಾಹನಕ್ಕೆ ತೆತ್ತ ತೆರಿಗೆಯ ಜಮೆ ಸಾಮಾನ್ಯ ವರ್ತಕರಿಗೆ ದೊರೆಯುವುದಿಲ್ಲ. ಅದರ ವಿಮೆ ಮತ್ತು ದುರಸ್ತಿಯ ತೆರಿಗೆಗೂ ಇದೇ ನಿಯಮ. ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆ ಮರಳುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ, ಅದು ನಿರಾಧಾರ.

ಸರಕು ಲಾರಿಗೆ ಜಮೆ ಉಂಟು. ಆದರೆ ಅಲ್ಲಿಯೂ ವ್ಯಾಪಾರದ ಬಗೆಯನ್ನು ಅವಲಂಬಿಸಿ ಫಲ ಬದಲಾಗುತ್ತದೆ. ಹತ್ತಿ ಮತ್ತು ಅರಳೆ ತೆರಿಗೆಗೆ ಒಳಪಟ್ಟ ಸರಕುಗಳಾದ್ದರಿಂದ ಜಿನ್ ಮಾಲೀಕರು ತಮ್ಮ ಲಾರಿಯ ತೆರಿಗೆಯನ್ನು ಜಮೆ ಮಾಡಿಕೊಳ್ಳಬಹುದು. ಭತ್ತ ಮತ್ತು ಬಿಡಿ ಅಕ್ಕಿಗೆ ಜಿ.ಎಸ್.ಟಿ. ವಿನಾಯಿತಿ ಇದೆ, ವಿನಾಯಿತಿ ಇರುವ ಸರಕನ್ನಷ್ಟೇ ಮಾರುವವರಿಗೆ ಜಮೆಯೂ ಇಲ್ಲ. ಅಕ್ಕಿಯನ್ನು 25 ಕಿಲೋವರೆಗಿನ ಮುದ್ರಿತ ಚೀಲಗಳಲ್ಲಿ ಮಾರಿದರೆ ಶೇ. 5 ತೆರಿಗೆ ಬೀಳುವುದರಿಂದ ಮಾರುಕಟ್ಟೆಗೆ 26 ಕಿಲೋ ಚೀಲ ಬಂದಿರುವುದು ಎಲ್ಲರಿಗೂ ತಿಳಿದದ್ದೇ. ಹೀಗೆ ಅಕ್ಕಪಕ್ಕದ ಗಿರಣಿ ಮತ್ತು ಜಿನ್ ಒಂದೇ ದಿನ ಒಂದೇ ಲಾರಿ ಕೊಂಡರೂ, ಒಬ್ಬರಿಗೆ ಅದರ ನಿಜವಾದ ಬೆಲೆ 30 ಲಕ್ಷ, ಇನ್ನೊಬ್ಬರಿಗೆ 35.40 ಲಕ್ಷ. ಎರಡೂ ಬಗೆಯ ಮಾರಾಟ ಇದ್ದವರಿಗೆ ಅನುಪಾತದಲ್ಲಿ ಜಮೆ.

ಜಮೆ ಪಡೆಯುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಪಡೆದರೆ ಜಮೆ ತಪ್ಪುತ್ತದೆ. ಅಲ್ಲದೆ, ಮಾರಾಟದ ತೆರಿಗೆ ಕಡಿಮೆ ಇರುವ ವ್ಯಾಪಾರದಲ್ಲಿ ಈ ಜಮೆ ಖಾತೆಯಲ್ಲೇ ಬಹುಕಾಲ ಉಳಿಯಬಹುದು. ಬಂಡವಾಳ ಸರಕಿನ ಜಮೆಗೆ ಇಂತಹ ಸಂದರ್ಭದಲ್ಲಿ ನಗದು ಮರುಪಾವತಿ ಇಲ್ಲ.

ಸವಕಳಿ ಮತ್ತು ಪಂಚಾಂಗ

ಆದಾಯ ತೆರಿಗೆಯಲ್ಲಿ ಸ್ವಂತ ವ್ಯಾಪಾರಕ್ಕೆ ಬಳಸುವ ಲಾರಿ ಮತ್ತು ಕಾರುಗಳ ಸವಕಳಿ ದರ ಶೇ. 15, ಬಾಡಿಗೆಗೆ ಓಡಿಸುವ ವ್ಯವಹಾರದ ಲಾರಿಗೆ ಶೇ. 30. ವಾಹನವನ್ನು ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಅವಧಿ ಬಳಸಿದರೆ ಅರ್ಧ ದರ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಈ ಗಡುವು ಅಕ್ಟೋಬರ್ ಮೊದಲ ವಾರದಲ್ಲಿ ಬೀಳುತ್ತದೆ.

ಹೊಸ ವಾಹನಗಳು ಹೆಚ್ಚಾಗಿ ಮನೆಗೆ ಬರುವುದು ದಸರೆ ಅಥವಾ ದೀಪಾವಳಿಗೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ರಂದು ಬಂದಿತ್ತು. ಅಂದು ರಸ್ತೆಗಿಳಿದ ಲಾರಿಗೆ ಪೂರ್ಣ ಸವಕಳಿ. ಇಪ್ಪತ್ತು ದಿನಗಳ ನಂತರದ ಬಲಿಪಾಡ್ಯಮಿಗೆ ಇಳಿದ ಲಾರಿಗೆ ಅರ್ಧ. 30 ಲಕ್ಷ ರೂ. ಲಾರಿಗೆ ಶೇ. 15ರಂತೆ ಮೊದಲ ವರ್ಷ 4.50 ಲಕ್ಷದ ಬದಲು 2.25 ಲಕ್ಷ ರೂ. ಮಾತ್ರ ದೊರೆಯುತ್ತದೆ. ಉಳಿದದ್ದು ಮುಂದಿನ ವರ್ಷಗಳಿಗೆ ಹೋಗುತ್ತದೆ, ನಷ್ಟವಾಗುವುದಿಲ್ಲ. ಆದರೆ ಕಂತು ಕಟ್ಟಬೇಕಾದ ಮೊದಲ ವರ್ಷದ ನಗದಿಗೆ ಅದು ಪೆಟ್ಟು. 2026ರಲ್ಲಿ ಅಧಿಕ ಮಾಸದ ಕಾರಣ ವಿಜಯದಶಮಿಯೇ ಅಕ್ಟೋಬರ್ ಮೂರನೆಯ ವಾರಕ್ಕೆ ಬೀಳುತ್ತದೆ. ಬಿಲ್ಲಿನ ದಿನಾಂಕವಲ್ಲ, ಬಳಕೆ ಆರಂಭವಾದ ದಿನ ಮುಖ್ಯ ಎಂಬುದನ್ನೂ ಮರೆಯಬಾರದು.

ಹತ್ತು ಲಾರಿಗಳನ್ನು ಮೀರದ ಸಾಗಣೆದಾರರಿಗೆ ಅಂದಾಜು ಆದಾಯದ ಸೌಲಭ್ಯವಿದೆ. 12 ಟನ್ನಿಗೂ ಹೆಚ್ಚು ಒಟ್ಟು ತೂಕದ ವಾಹನಕ್ಕೆ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂ., ಉಳಿದವಕ್ಕೆ ವಾಹನವೊಂದಕ್ಕೆ ತಿಂಗಳಿಗೆ 7,500 ರೂ. ಆದಾಯವೆಂದು ಪರಿಗಣನೆ. 28 ಟನ್ನಿನ ಲಾರಿಗೆ ವರ್ಷಕ್ಕೆ 3.36 ಲಕ್ಷ ರೂ. ಆದಾಯ. ಇದರಲ್ಲಿ ಸವಕಳಿ, ಬಡ್ಡಿ ಎಲ್ಲವೂ ಕಳೆದಂತೆಯೇ ಲೆಕ್ಕ. ಸಾಲ ಹೊಸದಾಗಿದ್ದು ಬಡ್ಡಿ ಹೆಚ್ಚಿರುವಾಗ, ಪುಸ್ತಕ ಬರೆದು ಲೆಕ್ಕಪರಿಶೋಧನೆ ಮಾಡಿಸುವುದೇ ಲಾಭಕರವೇ ಎಂದು ಮೊದಲೇ ತುಲನೆ ಮಾಡಬೇಕು.

ಕಂತು, ಡೀಸೆಲ್ ಮತ್ತು ಉಳಿತಾಯ

30 ಲಕ್ಷ ರೂ. ಸಾಲವನ್ನು ಶೇ. 10 ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 63,700 ರೂ. ಲಾರಿಯು ತಿಂಗಳಿಗೆ 6,000 ಕಿ.ಮೀ. ಓಡುತ್ತದೆ ಎಂದುಕೊಂಡರೆ, ಲೀಟರಿಗೆ 4 ಕಿ.ಮೀ. ಕೊಡುವ ಎಂಜಿನ್ 1,500 ಲೀಟರ್ ಕುಡಿಯುತ್ತದೆ, ನಾಲ್ಕೂವರೆ ಕಿ.ಮೀ. ಕೊಡುವುದು 1,333 ಲೀಟರ್. ಲೀಟರಿಗೆ 90 ರೂ. ದರದಲ್ಲಿ ತಿಂಗಳಿಗೆ ಸುಮಾರು 15,000 ರೂ. ವ್ಯತ್ಯಾಸ, ಅಂದರೆ ಕಂತಿನ ಕಾಲು ಭಾಗಕ್ಕೆ ಸಮೀಪ. ಬೇಡದ ಅಶ್ವಶಕ್ತಿಯ ಬೆಲೆ ಈ ಅರ್ಧ ಕಿಲೋಮೀಟರಿನಲ್ಲಿ ಅಡಗಿದೆ. ಹಾಗೆಯೇ, ಭಾರಕ್ಕೆ ಸಾಲದ ಎಂಜಿನ್ ಸದಾ ಕೆಳಗಿನ ಗೇರಿನಲ್ಲಿ ಏದುತ್ತ ಅಷ್ಟೇ ಡೀಸೆಲ್ ಸುಡಬಲ್ಲದು. ಶಕ್ತಿ ಅತಿಯಾದರೂ ನಷ್ಟ, ಕಡಿಮೆಯಾದರೂ ನಷ್ಟ.

ಹವ್ಯಾಸದ ವಾಹನದ ಪರಮಾವಧಿಗೆ ಬೆಂಗಳೂರಿನ ಒಂದು ಉದಾಹರಣೆ ಸಾಕು. ಹೊರರಾಜ್ಯದ ನೋಂದಣಿಯಲ್ಲಿ ಓಡಾಡುತ್ತಿದ್ದ ಫೆರಾರಿ ಕಾರೊಂದಕ್ಕೆ 2025ರ ಜುಲೈನಲ್ಲಿ ಸಾರಿಗೆ ಇಲಾಖೆಯು ಸುಮಾರು 1.42 ಕೋಟಿ ರೂ. ತೆರಿಗೆ ಮತ್ತು ದಂಡ ವಸೂಲು ಮಾಡಿತು. ಆ ಮೊತ್ತಕ್ಕೆ ಮೇಲೆ ಹೇಳಿದ ಲಾರಿಗಳು ತೆರಿಗೆ ಸಹಿತ ನಾಲ್ಕು ಬರುತ್ತವೆ. ಹೊರರಾಜ್ಯದಲ್ಲಿ ನೋಂದಣಿ ಮಾಡಿಸಿ ಜೀವಿತಾವಧಿ ತೆರಿಗೆ ಉಳಿಸುವ ಸಲಹೆ ಕೊಡುವವರು ಎಲ್ಲೆಡೆ ಇರುತ್ತಾರೆ; ದಂಡ ಬಂದಾಗ ಅವರು ಕಾಣಸಿಗುವುದಿಲ್ಲ.

ವಾಹನದ ಮೇಲಿನ ಅಭಿಮಾನವನ್ನು ಬಿಡಬೇಕೆಂದು ಯಾರೂ ಹೇಳಲಾರರು. ದುಡಿದವರು ಮೆಚ್ಚಿನ ಮೋಟಾರ್‌ಸೈಕಲ್ ಕೊಳ್ಳುವುದು ಅವರ ಹಕ್ಕು. ಅದನ್ನು ಸ್ವಂತ ಹಣದಲ್ಲಿ, ಸ್ವಂತ ಹೆಸರಿನಲ್ಲಿ ಕೊಳ್ಳುವುದು ಉಚಿತ. ದುಡಿಯುವ ವಾಹನವನ್ನು ಸರಕು, ರಸ್ತೆ, ತೆರಿಗೆ, ಕಂತು ಈ ನಾಲ್ಕನ್ನೂ ಕಾಗದದ ಮೇಲೆ ಬರೆದು ಕೊಳ್ಳಬೇಕು. ಮುಂಗಡ ಕೊಡುವ ಮೊದಲು ಲೆಕ್ಕಪರಿಶೋಧಕರೊಡನೆ ಒಂದು ಗಂಟೆ ಕುಳಿತರೆ ಸಾಕು. ಕಾಲುವೆಗೆ ನೀರು ಬರುವುದು ತಡವಾದ ವರ್ಷದಲ್ಲಿಯೂ ಕಂತು ತಪ್ಪದೆ ಕಟ್ಟಬಲ್ಲ ವಾಹನವೇ ಈ ಸೀಮೆಯ ವರ್ತಕರಿಗೆ ತಕ್ಕ ವಾಹನ.