‘ಮನೇಲೇ ಇರ್ತೀನಿ’ ಅನ್ನುವವರ ಲೆಕ್ಕ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ವಠಾರ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಅಕ್ಕ ಹೊಸಿಲ ಬಳಿ ಮಣೆ ಹಾಕಿಕೊಂಡು ಕೂತಿದ್ದರು. ಇದ್ದಿಲ ಪುಡಿಗೆ ಜಿಗಟು ಪುಡಿ ಸೇರಿಸಿ ಕಲಸಿದ ಕಪ್ಪು ಮುದ್ದೆ ಒಂದು ಕಡೆ, ಬಿದಿರು ಕಡ್ಡಿಯ ಕಟ್ಟು ಇನ್ನೊಂದು ಕಡೆ. ಚೂರು ಮುದ್ದೆ ಕಿತ್ತು ಕಡ್ಡಿಗೆ ಒತ್ತಿ ಅಂಗೈಯಲ್ಲಿ ಹೊಸೆದರೆ ಒಂದು ಊದುಬತ್ತಿ. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ‘ಏನ್ ಕೆಲಸ ಮಾಡ್ತೀರಕ್ಕಾ?’ ಎಂದು ಕೇಳಿದೆ. ಕೈ ನಿಲ್ಲಿಸದೆ ಅಂದರು: ‘ಕೆಲಸ ಏನೂ ಇಲ್ಲ, ಮನೇಲೇ ಇರ್ತೀನಿ.’

ದೇಶದಲ್ಲಿ ಯಾರು ದುಡಿಯುತ್ತಿದ್ದಾರೆ ಎಂದು ಅಳೆಯುವ ಆವರ್ತಕ ಕಾರ್ಮಿಕ ಪಡೆ ಸಮೀಕ್ಷೆಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಎರಡಂಕಿಯ ಒಂದು ಸಂಕೇತ ಬೀಳುತ್ತದೆ. ಸ್ವಂತವಾಗಿ ದುಡಿಯುವವರಿಗೆ 11. ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಗೂಡಿಸುವವರಿಗೆ 21. ಬರೀ ಮನೆಗೆಲಸವಾದರೆ 92. ಅದರ ಜೊತೆಗೆ ಸೌದೆ ತರುವುದು, ಮನೆಯವರಿಗೆ ಬಟ್ಟೆ ಹೊಲಿಯುವುದು ಸೇರಿದರೆ 93. ಮೊದಲಿನ ಎರಡು ಬಿದ್ದವರು ದುಡಿಯುವವರು, ಕೊನೆಯ ಎರಡು ಬಿದ್ದವರು ಅಲ್ಲ. ಮನೆಯಲ್ಲೇ ಕೂತು ಬಿಡಿ ಲೆಕ್ಕದಲ್ಲಿ ಕೂಲಿ ಮಾಡುವವರನ್ನು ಸ್ವಂತ ದುಡಿಮೆಯವರೆಂದು ಎಣಿಸಬೇಕೆಂಬುದು ನಿಯಮ. ಹಾಗಾಗಿ ಅಕ್ಕನಿಗೆ 11 ಸಿಗಬೇಕು. ಕೇಳಲು ಬಂದವರು ಇನ್ನೆರಡು ಪ್ರಶ್ನೆ ಹಾಕದೆ ಅವರ ಮಾತನ್ನೇ ಬರೆದುಕೊಂಡು ಎದ್ದರೆ 92.

ಕಾಣದ ದುಡಿಮೆಯನ್ನು ಎಣಿಸುವ ಈ ಕಷ್ಟವನ್ನು ಬಹಳ ಹಿಂದೆಯೇ ಎದುರಿಸಿದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಅವರು ಲೆಕ್ಕ ಹಾಕಿದರು. ಬೆಳೆಗೆ ಅಂಕಿಅಂಶ ಇತ್ತು, ಫಸಲಿನ ಬೆಲೆ ಕೂಡಿಸಿದರು. ಸೇವೆ, ವ್ಯಾಪಾರಗಳಲ್ಲಿ ಹಾಗೆ ಕೂಡಿಸಲು ಫಸಲೆಂಬುದೇ ಇಲ್ಲ; ಅಲ್ಲಿ ಜನರ ಗಳಿಕೆಯಿಂದಲೇ ಲೆಕ್ಕ ಕಟ್ಟಿದರು. ಕೊನೆಗೆ ಬಂದದ್ದು ತಲೆಗೆ ವರ್ಷಕ್ಕೆ 62 ರೂಪಾಯಿ. ಅದೇ ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ನಾಗರಬಾವಿಯಲ್ಲಿರುವ ಅದನ್ನು ಜನ ‘ಐಸೆಕ್’ ಎನ್ನುತ್ತಾರೆ. ಅಲ್ಲಿನ ಜನಸಂಖ್ಯಾ ಸಂಶೋಧನಾ ಕೇಂದ್ರದವರ ಕೆಲಸವೇ ಹುಟ್ಟು, ಸಾವು, ಮುಪ್ಪುಗಳ ಲೆಕ್ಕ.

ಆ ಲೆಕ್ಕ ಈಗ ಏನು ಹೇಳುತ್ತಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಲು 2.1 ಬೇಕು. ಹೀಗೆ ನೋಡಿ: 100 ಹೆಂಗಸರಿಗೆ 170 ಮಕ್ಕಳು. ಹುಟ್ಟುವವರಲ್ಲಿ ಗಂಡು ತುಸು ಹೆಚ್ಚಾದ್ದರಿಂದ ಹೆಣ್ಣು ಸುಮಾರು 82. ಅವರೂ ಇಷ್ಟೇ ಹೆತ್ತರೆ ಮುಂದಿನ ಸರದಿಯಲ್ಲಿ ಹೆಣ್ಣು ಸುಮಾರು 67. ಅಜ್ಜಿಯರು ನೂರು, ಮೊಮ್ಮಗಳಂದಿರು ಅರವತ್ತೇಳು. ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲಿ ಎಂದು ಮೈಸೂರು ಸಂಸ್ಥಾನ ಆದೇಶ ಹೊರಡಿಸಿದ್ದು 1930ರಲ್ಲಿ. ಒಂದು ಶತಮಾನ ತುಂಬುವ ಮೊದಲೇ ಪ್ರಶ್ನೆ ತಿರುವುಮುರುವಾಗಿದೆ.

ಜನಸಂಖ್ಯೆ ನಾಳೆಯೇ ಇಳಿಯುವುದಿಲ್ಲ. ಹೆರುವ ವಯಸ್ಸಿನವರು ಇನ್ನೂ ಬಹಳ ಮಂದಿ ಇದ್ದಾರೆ. ಹೊರಗಿನಿಂದ ಬರುವವರಿಂದ ಬೆಂಗಳೂರು ನಡೆಯುತ್ತದಲ್ಲ ಎನ್ನಬಹುದು. ಆದರೆ ಹಾಗೆ ಜನ ಬರುವ ಬಿಹಾರದಲ್ಲೂ ಒಬ್ಬ ಮಹಿಳೆಗೆ ಇಷ್ಟು ಮಕ್ಕಳೆಂಬ ಸರಾಸರಿ ಎರಡು ಸಮೀಕ್ಷೆಗಳ ನಡುವೆ 3.4ರಿಂದ 3.0ಕ್ಕೆ ಇಳಿದಿದೆ. ದೇಶದಲ್ಲಿ 60 ದಾಟಿದವರು 2036ರ ಹೊತ್ತಿಗೆ ನೂರಕ್ಕೆ ಸುಮಾರು 15 ಆಗುತ್ತಾರೆಂಬ ಅಂದಾಜಿದೆ.

ದುಡಿಯುವ ಕೈ ಕಡಿಮೆಯಾಗುವಾಗ ದೇಶ ಬೆಳೆಯುವುದಕ್ಕೆ ಎರಡೇ ದಾರಿ. ಇರುವ ಕೈಗಳ ಉತ್ಪಾದನೆ ಹೆಚ್ಚಬೇಕು, ಇಲ್ಲವೇ ಸುಮ್ಮನಿರುವ ಕೈಗಳು ಕೆಲಸಕ್ಕೆ ಬರಬೇಕು. ಹಾಗೆಂದೊಡನೆ ಎಲ್ಲರೂ ಹೆಂಗಸರ ಕಡೆ ನೋಡುತ್ತಾರೆ. 15 ದಾಟಿದ ಹೆಂಗಸರಲ್ಲಿ ದುಡಿಮೆಗೆ ಬಂದವರ ಪಾಲು 2017-18ರಲ್ಲಿ ನೂರಕ್ಕೆ 23.3 ಇದ್ದದ್ದು 2023-24ಕ್ಕೆ 41.7 ಆಯಿತು. ದೊಡ್ಡ ಜಿಗಿತ ನಿಜ. ಆದರೆ ಹೆಚ್ಚಿನದೆಲ್ಲ ಹಳ್ಳಿಗಳಲ್ಲಿ, ಸ್ವಂತ ದುಡಿಮೆ ಮತ್ತು ಆ 21ನೇ ಸಂಕೇತದವರಿಂದ ಬಂದದ್ದು. ತಿಂಗಳ ಸಂಬಳ, ಪಿ.ಎಫ್. ಇರುವ ಕೆಲಸ ಅದೇ ವೇಗದಲ್ಲಿ ಹೆಚ್ಚಿಲ್ಲ. ಈ ಜಿಗಿತವನ್ನು ಪೂರ್ತಿ ಸಂಭ್ರಮಿಸಲು ನನಗೆ ಮನಸ್ಸು ಬರುವುದಿಲ್ಲ.

ಪೀಣ್ಯದಲ್ಲಿ ಗಾರ್ಮೆಂಟ್ಸ್ ಇದೆ, ಹೋಗಬಹುದಲ್ಲ ಎಂದು ಅಕ್ಕನನ್ನು ಕೇಳಿದೆ. ಒಳಗೆ ಮಂಚದ ಮೇಲಿದ್ದ ಅತ್ತೆಯ ಕಡೆ ಕಣ್ಣು ತೋರಿಸಿದರು. ‘ಇವರನ್ನ ಯಾರು ನೋಡ್ಕೊಳ್ತಾರೆ?’

ಇಲ್ಲೇ ಇರುವುದು ಕಗ್ಗಂಟು. ಊರಿಗೆ ಮುಪ್ಪಾಗುತ್ತಿದೆ, ಅದಕ್ಕೇ ಅಕ್ಕನ ಕೈ ಬೇಕಾಗಿದೆ. ಆ ಮುಪ್ಪೇ ಅಕ್ಕನ ಕೈಯನ್ನು ಮನೆಗೆ ಕಟ್ಟಿಹಾಕುತ್ತಿದೆ. ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಗೊಮ್ಮೆ ಏನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಹಾಗೆ ಕೇಳಿದರೆ ‘ಮನೇಲೇ ಇರ್ತೀನಿ’ ಎಂಬ ಉತ್ತರಕ್ಕೆ ಜಾಗವೇ ಇಲ್ಲ. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಹೊತ್ತು 2019ರಲ್ಲಿ ದಿನಕ್ಕೆ 299 ನಿಮಿಷ, 2024ರಲ್ಲಿ 289. ಮನೆಗೆಲಸ ಮಾಡುವ ಗಂಡಸರದು 97 ಇದ್ದದ್ದು 88 ಆಯಿತು. ಐದು ವರ್ಷದಲ್ಲಿ ಆಕೆಗೆ ಉಳಿದದ್ದು ಹತ್ತು ನಿಮಿಷ.

2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆ ಹೆಂಗಸರ ಬಸ್ಸಿನ ಖರ್ಚು ಇಳಿಸಿತು. ಅದು ಒಳ್ಳೆಯ ಕೆಲಸವೆಂದೇ ನನ್ನ ನಂಬಿಕೆ. ಆದರೆ ಬಸ್ಸು ಹತ್ತುವ ಮೊದಲು ಮಗುವನ್ನೂ ಮುದುಕರನ್ನೂ ಎಲ್ಲಾದರೂ ಬಿಡಬೇಕಲ್ಲ. 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತು. ಹೊಸಿಲ ಬಳಿ ಕೂತು ಕಡ್ಡಿ ಹೊಸೆಯುವವರಿಗೆ ಆ ಕಾಯ್ದೆ ತಾಕಲಿಲ್ಲ. ಹಾಸಿಗೆ ಹಿಡಿದ ಅತ್ತೆಯ ಮಾತು ಅದರಲ್ಲಿ ಇರಲೇ ಇಲ್ಲ. ವಾರ್ಡಿಗೊಂದು ಹಿರಿಯರ ಹಗಲು ಮನೆ, ಗಾರ್ಮೆಂಟ್ಸ್ ಬಿಡುವ ಹೊತ್ತಿನವರೆಗೂ ತೆರೆದಿರುವ ಶಿಶುಮನೆ: ರಸ್ತೆ, ಮೇಲ್ಸೇತುವೆಗಳಂತೆ ಇವೂ ಬೆಳವಣಿಗೆಗೆ ಹಾಕುವ ಬಂಡವಾಳ ಎಂದು ಬಜೆಟ್ಟಿನಲ್ಲಿ ಬರೆಯಬೇಕು.

ನಾನು ಎದ್ದು ಬರುವಾಗ ನಾಲ್ಕು ಗಂಟೆ. ಮಗು ಅಂಗನವಾಡಿಯಿಂದ ಬಂದಿತ್ತು. ಸಾವಿರಕ್ಕೆ ಇನ್ನೂ ಮುನ್ನೂರು ಕಡ್ಡಿ ಬಾಕಿ ಎಂದು ಹೇಳುತ್ತಲೇ ಅಕ್ಕ ಕಪ್ಪು ಕೈ ತೊಳೆದುಕೊಳ್ಳಲು ನಲ್ಲಿಯ ಕಡೆ ಹೋದರು.