ಶ್ರೀಗಂಧದ ಎಲೆಯಲ್ಲಿ ಅಡಗುವ ಕೊಪ್ಪೆ ಮಿಡತೆ



ಚಿಂಚಲಿ, ರಾಯಬಾಗ ಭಾಗದಲ್ಲಿ ಕಬ್ಬೇ ಮುಖ್ಯ ಬೆಳೆ. ಅದರ ಜೊತೆಗೆ ಹೊಲದ ಒಡ್ಡಿನ ಮೇಲೆ ನಾಲ್ಕು ಶ್ರೀಗಂಧದ ಸಸಿ ನೆಡುವ ಆಸೆ ನಿಮ್ಮಲ್ಲಿ ಹಲವರಿಗೆ ಇದ್ದೀತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಸ್ವಂತ ಜಮೀನಿನ ಗಂಧದ ಮರಕ್ಕೆ ಜಮೀನುದಾರನೇ ಒಡೆಯ. ಆದರೆ ಪರಿಮಳದ ಚೇಗು ಬಲಿಯಲು ಹತ್ತಾರು ವರ್ಷ ಕಾಯಬೇಕು. ಅಲ್ಲಿಯವರೆಗೆ ಮರ ಉಳಿಯಬೇಕಾದರೆ ಮೊದಲ ಎರಡು-ಮೂರು ವರ್ಷ ಸಸಿಯ ಎಲೆಗಳನ್ನು ಕಾಪಾಡುವುದು ಅಗತ್ಯ.

ಮಳೆಗಾಲದಲ್ಲಿ ಎಲೆಯ ಅಂಚು ಕತ್ತರಿಸಿದಂತೆ ಕಂಡು, ತಿಂದ ಹುಳು ಮಾತ್ರ ಕಣ್ಣಿಗೆ ಬೀಳದಿದ್ದರೆ ಟೆರಟೋಡಿಸ್ ಎಂಬ ಜಾತಿಯ ಮಿಡತೆ ಇದೆಯೇ ಎಂದು ಹುಡುಕಿರಿ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಕಂಡುಬರುವ ಇದು ಗಂಧ, ಸಾಗವಾನಿ ಮೊದಲಾದ ಮರಗಳ ಎಲೆ ತಿನ್ನುತ್ತದೆ. ಮಳೆಯಲ್ಲಿ ನಾವು ಗೋಣಿಚೀಲದ ಕೊಪ್ಪೆ ಹಾಕಿಕೊಂಡಂತೆ ಇದರ ಕತ್ತಿನ ಮೇಲೆ ಎತ್ತರದ ಏಣು ಇರುತ್ತದೆ. ಆದ್ದರಿಂದ ಇದನ್ನು ಕೊಪ್ಪೆ ಮಿಡತೆ ಎಂದು ಕರೆಯೋಣ. ಮೈ ಹಸಿರು, ಆಕಾರ ಎಲೆಯಂತೆ. ಅಲುಗಾಡದೆ ಕುಳಿತರೆ ಹಕ್ಕಿಯೂ ಮೋಸಹೋಗುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು.

ಹುಡುಕುವ ಉಪಾಯ ಸುಲಭ. ಮೊದಲು ನೆಲ ನೋಡಿರಿ. ಗಿಡದ ಬುಡದಲ್ಲಿ ಹಿಕ್ಕೆಯ ಕಾಳು ಬಿದ್ದಿದ್ದರೆ ಅದರ ನೇರ ಮೇಲಿನ ಕೊಂಬೆಯನ್ನು ಪರೀಕ್ಷಿಸಿರಿ.

ಹತೋಟಿ ಹೇಗೆ? ದೊಡ್ಡ ಮರ ಕೆಲವು ಎಲೆ ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ಅದಕ್ಕೆ ಔಷಧಿ ಬೇಡ. ಎಳೆಯ ಸಸಿಯಾದರೆ ಮುಂಜಾನೆಯ ತಂಪಿನಲ್ಲಿ ಗಿಡ ಅಲುಗಿಸಿ ಮಿಡತೆಗಳನ್ನು ಆರಿಸಿರಿ. ಮರಿಗಳಿಗೆ ಹಾರುವ ರೆಕ್ಕೆ ಇಲ್ಲ. ಆಗಲೇ ಹಿಡಿಯುವುದು ಲೇಸು. ಬಾಧೆ ಹೆಚ್ಚಿದರೆ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಿಂಪಡಿಸಿರಿ. ಬೇವು ಸಿಂಪಡಿಸಿದ ಬೆಳೆಯನ್ನು ಮರುಭೂಮಿ ಮಿಡತೆಯೂ ಮುಟ್ಟುವುದಿಲ್ಲವೆಂದು ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1962ರಲ್ಲೇ ತೋರಿಸಿದ್ದಾರೆ. ಕಡು ವಿಷ ಹೊಡೆದರೆ ಮಿಡತೆ ತಿನ್ನುವ ಕಾಜಾಣ, ಓತಿಕ್ಯಾತಗಳಿಗೂ ಹಾನಿ.

ಇನ್ನೊಂದು ಮಾತು. ಮಿಡತೆ ಮೊಟ್ಟೆ ಇಡುವುದು ಮಣ್ಣಿನಲ್ಲಿ. ಭಾರತ ಹುಣ್ಣಿಮೆಯ ಮಾಯಕ್ಕನ ಜಾತ್ರೆ ಮುಗಿಸಿ ಬಂದ ಮೇಲೆ ಬೇಸಿಗೆಯಲ್ಲಿ ಗಂಧದ ಸಾಲಿನ ಮಣ್ಣನ್ನು ಹಗುರವಾಗಿ ಕೆದಕಿರಿ. ಬಿಸಿಲು ಮತ್ತು ಹಕ್ಕಿಗಳು ಮೊಟ್ಟೆಗಳನ್ನು ಮುಗಿಸುತ್ತವೆ. ಆಳವಾಗಿ ಅಗೆಯಬೇಡಿರಿ. ಗಂಧದ ಬೇರು ತೊಗರಿಯಂಥ ನೆರೆಯ ಗಿಡದ ಬೇರು ಹಿಡಿದು ಆಹಾರ ಪಡೆಯುತ್ತದೆ. ಆ ಸಂಬಂಧ ಹರಿದರೆ ಮಿಡತೆಗಿಂತ ಹೆಚ್ಚಿನ ನಷ್ಟ ನೀವೇ ಮಾಡಿಕೊಂಡಂತೆ.