ಮೆಟ್ಟಿಲು ಹತ್ತಿದವರ ಲೆಕ್ಕ

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ವೈದ್ಯರಿಗೆ ಒಂದು ಕಾಯಿಲೆ ಕಗ್ಗಂಟಾಯಿತು. ಹೊರನೋಟಕ್ಕೆ ಗಟ್ಟಿಮುಟ್ಟಾಗಿದ್ದ ನಡುವಯಸ್ಸಿನ ಗಂಡಸರು ಎದೆ ಹಿಡಿದುಕೊಂಡು ಕುಸಿಯುತ್ತಿದ್ದರು, ಅಂಥವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಮೈಮುರಿದು ದುಡಿಯುವುದಕ್ಕೂ ಈ ಕಾಯಿಲೆ ಬಾರದಿರುವುದಕ್ಕೂ ನಂಟಿರಬಹುದೆಂದು ಆಗ ಹೆಚ್ಚಿನವರಿಗೆ ಹೊಳೆದಿರಲಿಲ್ಲ. ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುವುದೇ ಅಂದಿನ ಚಿಕಿತ್ಸೆಯಾಗಿತ್ತು. ಶ್ರಮದಿಂದ ಹೃದಯ ಸವೆಯುತ್ತದೆಂಬ ಭಯವೂ ಹಳೆಯದೇ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವಿನ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕಿದವರು ಅಲ್ಪಾಯುಷಿಗಳಾಗುತ್ತಾರೆಂಬ ಮಾತು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಎಷ್ಟು ಹಬ್ಬಿತ್ತೆಂದರೆ, ಜಾನ್ ಮಾರ್ಗನ್ ಎಂಬ ವೈದ್ಯ ಆ ಹಳೆಯ ಸ್ಪರ್ಧಿಗಳನ್ನೆಲ್ಲ ಹುಡುಕಿ ಲೆಕ್ಕ ಹಾಕಬೇಕಾಯಿತು. ಅವರ ಆಯುಷ್ಯ ಸರಾಸರಿಗಿಂತ ಕಡಿಮೆಯಿಲ್ಲ, ತುಸು ಹೆಚ್ಚೇ ಇದೆ ಎಂದು ಅವನು 1873ರಲ್ಲಿ ಪುಸ್ತಕವನ್ನೇ ಬರೆದ. ಆದರೆ ವಿಶ್ವವಿದ್ಯಾಲಯಕ್ಕೆ ಹೋದವರು ಹೇಗೂ ಉಳ್ಳವರ ಮನೆಯ ಮಕ್ಕಳು. ಅವರು ಹೆಚ್ಚು ಕಾಲ ಬದುಕಿದ್ದು ದೋಣಿಯಿಂದಲೋ ಊಟದಿಂದಲೋ ಎಂದು ಕೇಳಿದರೆ ಮಾರ್ಗನ್ ಬಳಿ ಉತ್ತರವಿರಲಿಲ್ಲ.

ಈ ಪ್ರಶ್ನೆಗೆ ತಕ್ಕ ಜೋಡಿಯನ್ನು ಹುಡುಕಿದವರು ಜೆರಿ ಮಾರಿಸ್. ಗ್ಲಾಸ್ಗೋದಲ್ಲಿ ಬೆಳೆದು, ಯುದ್ಧಕಾಲದಲ್ಲಿ ಸೇನಾ ವೈದ್ಯರಾಗಿ ಭಾರತದಲ್ಲೂ ಇದ್ದು ಹೋಗಿದ್ದ ಅವರು, 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ತೆರೆದ ಸಾಮಾಜಿಕ ವೈದ್ಯಶಾಸ್ತ್ರ ಘಟಕದ ಮುಖ್ಯಸ್ಥರಾದರು. ಕೆಲಸಕ್ಕೂ ಹೃದ್ರೋಗಕ್ಕೂ ಏನಾದರೂ ಸಂಬಂಧವಿದೆಯೇ ಎಂದು ನೋಡಲು ಅವರು ಆರಿಸಿಕೊಂಡದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸು. ಆಗ ಅದರಲ್ಲಿ ಇಬ್ಬರು ನೌಕರರಿರುತ್ತಿದ್ದರು. ಇಬ್ಬರೂ ಒಂದೇ ವರ್ಗದ ಮನೆಗಳಿಂದ ಬಂದವರು, ಒಂದೇ ಸಂಸ್ಥೆಯ ನೌಕರಿ, ಉಸಿರಾಡುವುದೂ ಅದೇ ಬೀದಿಯ ಹೊಗೆ. ಡ್ರೈವರ್ ಪಾಳಿಯ ಬಹುಪಾಲು ಸೀಟಿನಲ್ಲೇ ಇರುತ್ತಿದ್ದ. ಕಂಡಕ್ಟರ್ ಮಾತ್ರ ಟಿಕೆಟ್ ಹರಿಯುತ್ತ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಾಡಿ ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ. ಸುಮಾರು 31,000 ಸಾರಿಗೆ ನೌಕರರ ದಾಖಲೆ ಸೋಸಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ನೇರವಾಗಿತ್ತು: ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ, ಬಂದರೂ ತಡವಾಗಿ ಬರುತ್ತದೆ, ಬಂದಾಗಲೂ ಅಷ್ಟು ಮಾರಕವಲ್ಲ. ಅಂಚೆ ಇಲಾಖೆಯಲ್ಲೂ ಇದೇ ಚಿತ್ರ ಕಂಡಿತು. ನಡೆದೋ ಸೈಕಲ್ ತುಳಿದೋ ಕಾಗದ ಹಂಚುವ ಅಂಚೆಯವನಿಗಿಂತ ಮೇಜಿನ ಮುಂದಿನ ಗುಮಾಸ್ತನಿಗೆ ಅಪಾಯ ಹೆಚ್ಚು.

ವ್ಯಾಯಾಮದ ಕುರಿತ ಆಧುನಿಕ ತಿಳಿವಳಿಕೆಗೆ ಬುನಾದಿ ಬಿದ್ದದ್ದು ಇಲ್ಲಿ, ಗರಡಿಯಲ್ಲೂ ಅಲ್ಲ, ಆಟದ ಬಯಲಿನಲ್ಲೂ ಅಲ್ಲ. ಈ ಹುಟ್ಟಿನ ಕತೆಯನ್ನು ನಾವು ಬೇಗ ಮರೆತೆವು ಎಂಬುದು ನನ್ನ ತಕರಾರು. ಇಂದು ವ್ಯಾಯಾಮವೆಂದರೆ ಬೆಳಗಿನ ಜಾವ ಏಳಲಾರದವನ ಸೋಮಾರಿತನವನ್ನು ದೂರುವ ಮಾತಾಗಿದೆ. ಆ ಕಂಡಕ್ಟರುಗಳಲ್ಲಿ ಯಾರೂ ಆರೋಗ್ಯಕ್ಕೆಂದು ಮೆಟ್ಟಿಲು ಹತ್ತಿದವರಲ್ಲ, ಕೆಲಸ ಹತ್ತಿಸಿತು. ಡ್ರೈವರುಗಳೂ ಸೋಮಾರಿಗಳಾಗಿರಲಿಲ್ಲ, ಕೆಲಸ ಅವರನ್ನು ಕೂರಿಸಿತು.

ಮಾರಿಸ್‌ಗೆ ಎದುರಾದ ಮೊದಲ ಆಕ್ಷೇಪ ಬಲವಾದದ್ದೇ: ದಪ್ಪಗಿದ್ದವನು, ಮೊದಲೇ ಅಶಕ್ತನಾದವನು ಡ್ರೈವರ್ ಸೀಟು ಹುಡುಕಿಕೊಂಡಿರಬಹುದಲ್ಲವೇ? ಇದನ್ನು ಪರೀಕ್ಷಿಸಲು ಅವರ ತಂಡ ಸಾರಿಗೆ ಸಂಸ್ಥೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆ ಪಟ್ಟಿಯನ್ನು ತರಿಸಿಕೊಂಡಿತು. ಅದನ್ನು ಆಧರಿಸಿ 1956ರಲ್ಲಿ ಪ್ರಕಟವಾದ ಲೇಖನ ಆಕ್ಷೇಪವನ್ನೇ ಅರ್ಧ ಒಪ್ಪಿಕೊಂಡಿತು. ಡ್ರೈವರುಗಳ ಪ್ಯಾಂಟಿನ ಸೊಂಟ ಕಂಡಕ್ಟರುಗಳದ್ದಕ್ಕಿಂತ ದೊಡ್ಡದು, ಕೆಲಸಕ್ಕೆ ಸೇರಿದ ಹೊಸತರಲ್ಲೇ ದೊಡ್ಡದು. ಸ್ವಂತ ಸಿದ್ಧಾಂತಕ್ಕೆ ಪೆಟ್ಟು ಬೀಳುವ ಪುರಾವೆಯನ್ನು ಮಾರಿಸ್ ತಾವೇ ಮುಂದಿಟ್ಟರು, ಆಮೇಲೆ ಅದನ್ನು ದಾಟುವ ದಾರಿ ಹುಡುಕಿದರು. ತೆಳ್ಳಗಿನವರನ್ನು ತೆಳ್ಳಗಿನವರೊಡನೆ, ದಪ್ಪಗಿನವರನ್ನು ದಪ್ಪಗಿನವರೊಡನೆ ಇಟ್ಟು ನೋಡಿದರೂ ಹಠಾತ್ ಸಾವು ಡ್ರೈವರುಗಳಲ್ಲೇ ಹೆಚ್ಚಿತ್ತು. ಅಂದರೆ ಸೊಂಟದ ಅಳತೆಯೊಂದೇ ಕಾರಣವಾಗಿರಲಾರದು. ಆದರೂ ಇದು ಕೇವಲ ಗಮನಿಸಿ ಬರೆದ ಲೆಕ್ಕ. ಯಾರಿಗೆ ಯಾವ ಕೆಲಸವೆಂದು ಚೀಟಿ ಎತ್ತಿ ಹಂಚಿದ್ದಲ್ಲ.

ಚಲನೆ ನಿಂತರೆ ದೇಹಕ್ಕೆ ಏನಾಗುತ್ತದೆಂದು ನೇರವಾಗಿ ನೋಡಿದ್ದು 1966ರಲ್ಲಿ, ಅಮೆರಿಕದ ಡಲ್ಲಾಸ್‌ನಲ್ಲಿ. ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಮೂರೇ ವಾರದಲ್ಲಿ, ಕಠಿಣ ಶ್ರಮದ ವೇಳೆ ಅವರ ದೇಹ ಬಳಸಿಕೊಳ್ಳಬಲ್ಲ ಆಮ್ಲಜನಕದ ಪ್ರಮಾಣ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಒಂದು ಬಡಿತಕ್ಕೆ ಹೃದಯ ಹೊರದಬ್ಬುವ ರಕ್ತವೂ ಇಳಿಯಿತು. ಮತ್ತೆ ಓಡಿಸಿ ಪಳಗಿಸಿದಾಗ ಕಳೆದುಕೊಂಡದ್ದೆಲ್ಲ ಮರಳಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಕರೆತಂದು ಅಳೆದರು. ಮೂರು ದಶಕಗಳ ವಯಸ್ಸು ಅವರ ಶಕ್ತಿಯನ್ನು ಎಷ್ಟು ತಗ್ಗಿಸಿತ್ತೋ ಅದಕ್ಕಿಂತ ಆ ಮೂರು ವಾರದ ಹಾಸಿಗೆ ಹೆಚ್ಚು ತಗ್ಗಿಸಿತ್ತು! ಐವರೆಂದರೆ ಬಹಳ ಕಡಿಮೆ, ನಿಜ. ಆದರೆ ಇದರ ಹಿಂದಿನ ಶರೀರಕ್ರಿಯೆ ಈಗ ಚೆನ್ನಾಗಿ ತಿಳಿದಿದೆ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆ ಸೆಳೆದುಕೊಳ್ಳುತ್ತದೆ, ಪದೇ ಪದೇ ದುಡಿಸಿದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಮೈ ತನಗೆ ಬೇಡವೆನಿಸಿದ್ದನ್ನು ಸಾಕುವುದಿಲ್ಲ. ಬಳಸದ ಸ್ನಾಯು, ಬಳಸದ ರಕ್ತನಾಳ, ಎರಡನ್ನೂ ಅದು ಬೇಗನೆ ಕರಗಿಸಿಕೊಳ್ಳುತ್ತದೆ.

ಇದಕ್ಕಿಂತ ಕಟುವಾದ ಪ್ರಶ್ನೆಯೊಂದು ನಮ್ಮ ನೆಲದಲ್ಲೇ ಹುಟ್ಟುತ್ತದೆ. ಮೈಬಗ್ಗಿಸಿ ದುಡಿಯುವುದೇ ಆರೋಗ್ಯವಾದರೆ, ಹೊಲದಲ್ಲಿ ಕಳೆ ಕೀಳುವವರು, ಲಾರಿಗೆ ಮೂಟೆ ಹೊರುವ ಹಮಾಲರು ಎಲ್ಲರಿಗಿಂತ ದೀರ್ಘಾಯುಷಿಗಳಾಗಬೇಕಿತ್ತು. ಆಗಿಲ್ಲ. ಹೊರದೇಶಗಳ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ವಿಶ್ಲೇಷಣೆಯಲ್ಲಂತೂ, ಕೆಲಸದಲ್ಲಿ ಅತಿ ಹೆಚ್ಚು ದೈಹಿಕ ಶ್ರಮವಿದ್ದ ಗಂಡಸರಲ್ಲಿ ಅಕಾಲ ಮರಣ ಕಡಿಮೆಯಿರುವ ಬದಲು ಹೆಚ್ಚಾಗಿತ್ತು. ಬಡತನ, ಧೂಮಪಾನ, ಕಳಪೆ ಆಹಾರ ಇದರಲ್ಲಿ ಬೆರೆತಿರಬಹುದು, ಅವನ್ನೆಲ್ಲ ಲೆಕ್ಕದಿಂದ ಪೂರ್ತಿ ತೆಗೆಯಲು ಯಾವ ಸಂಖ್ಯಾಶಾಸ್ತ್ರಕ್ಕೂ ಆಗದು. ಆದರೆ ಶ್ರಮದ ಬಗೆಯೂ ಬೇರೆ. ಎಂಟು ಗಂಟೆ ಭಾರ ಎತ್ತುವವನ ರಕ್ತದೊತ್ತಡ ದಿನವಿಡೀ ಏರಿಯೇ ಇರುತ್ತದೆ, ಸುಧಾರಿಸಿಕೊಳ್ಳಲು ಬಿಡುವಿಲ್ಲ, ಎಷ್ಟು ವೇಗದಲ್ಲಿ ಮಾಡಬೇಕೆಂಬುದು ಅವನ ಕೈಯಲ್ಲಿಲ್ಲ. ಮೆಟ್ಟಿಲು ಹತ್ತಿ ಮುಂದಿನ ನಿಲ್ದಾಣದವರೆಗೆ ಕಂಬಕ್ಕೊರಗಿ ನಿಲ್ಲುತ್ತಿದ್ದ ಕಂಡಕ್ಟರನ ಕೆಲಸದಲ್ಲಿ ಏರಿಳಿತವಿತ್ತು. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೊಂದು ಷರತ್ತು ಹಾಕುತ್ತದೆ: ಶ್ರಮದ ಜತೆ ವಿಶ್ರಾಂತಿಯೂ ಹಂಚಿಕೆಯಾಗಿರಬೇಕು.

ಮಾರಿಸ್‌ ಕೂಡ ಮುಂದೆ ಕೆಲಸವನ್ನು ಬಿಟ್ಟು ಬಿಡುವಿನ ಕಡೆಗೆ ತಿರುಗಿದರು, ಕೂತು ಮಾಡುವ ಉದ್ಯೋಗವೇ ಎಲ್ಲೆಡೆ ಹರಡುತ್ತಿತ್ತಲ್ಲ. ಸುಮಾರು 17,000 ಸರ್ಕಾರಿ ನೌಕರರಿಂದ ಒಂದು ಸೋಮವಾರ ಬೆಳಿಗ್ಗೆ, ಹಿಂದಿನ ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದಿರೆಂದು ಬರೆಸಿಕೊಂಡು ಅವರ ಆರೋಗ್ಯವನ್ನು ಹಿಂಬಾಲಿಸಿದರು. ಬಿಡುವಿನಲ್ಲಿ ಬಿರುಸಾಗಿ ಮೈದಣಿಸಿದವರಿಗೆ ಹೃದಯಾಘಾತದ ಅಪಾಯ ಉಳಿದವರದರ ಸುಮಾರು ಮೂರನೇ ಒಂದರಷ್ಟಿತ್ತು ಎಂದು 1973ರ ವರದಿ ಹೇಳಿತು. ಜಗತ್ತು ಹಿಡಿದುಕೊಂಡದ್ದು ಈ ಎರಡನೇ ಮಾರಿಸ್‌ರನ್ನು. ಬಿಡುವು ಇರುವವನಿಗೆ ಓಡು ಎನ್ನುವುದು ಸುಲಭ, ಕಚೇರಿಯನ್ನು ಬದಲಿಸುವುದು ಕಷ್ಟ.

ಇತ್ತೀಚಿನ ದೊಡ್ಡ ಪ್ರಯೋಗಗಳು ಗೊಂದಲ ಹೆಚ್ಚಿಸಿವೆ ಎನ್ನುವವರೂ ಇದ್ದಾರೆ. ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಎಪ್ಪತ್ತು ದಾಟಿದ 1,567 ಮಂದಿಯನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಐದು ವರ್ಷ ಕೆಲವರಿಗೆ ಉಸ್ತುವಾರಿಯ ವ್ಯಾಯಾಮ ಮಾಡಿಸಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ, ಸಾವಿನ ಪ್ರಮಾಣದಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಇಷ್ಟೂ ಸುಳ್ಳೇ? ಹೋಲಿಕೆಗೆಂದು ಇಟ್ಟ ಗುಂಪಿಗೂ ದೇಶದ ಸಾಮಾನ್ಯ ಸಲಹೆಯಂತೆ ಚಟುವಟಿಕೆಯಿಂದಿರಲು ಹೇಳಿದ್ದರು, ಅವರೂ ಚೆನ್ನಾಗಿಯೇ ಓಡಾಡಿಕೊಂಡಿದ್ದರು. ಓಡಾಡುವ ಊರಿನಲ್ಲಿ ಇನ್ನಷ್ಟು ವ್ಯಾಯಾಮದ ಲಾಭ ಕಾಣುವುದು ಕಷ್ಟ. ಆಯುಷ್ಯದ ಭರವಸೆಯನ್ನು ನಾವು ಕೊಂಚ ಉದಾರವಾಗಿ ಹಂಚಿದ್ದೇವೆ ಎಂಬುದನ್ನು ಮಾತ್ರ ಒಪ್ಪಬೇಕು. ಆದರೆ ಮಧುಮೇಹದ ವಿಷಯದಲ್ಲಿ ಪುರಾವೆ ಇನ್ನೂ ಗಟ್ಟಿ. ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಶುರುವಾದ ಆರು ವರ್ಷಗಳ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 577 ಮಂದಿಯಲ್ಲಿ ವಿಶೇಷ ಸಲಹೆಯಿಲ್ಲದ ಗುಂಪಿನ ಮೂರನೇ ಎರಡರಷ್ಟು ಜನ ರೋಗಿಗಳಾದರೆ, ವ್ಯಾಯಾಮವೊಂದನ್ನೇ ಹೆಚ್ಚಿಸಿಕೊಂಡವರಲ್ಲಿ ಆ ಪ್ರಮಾಣ ಸುಮಾರು ಶೇಕಡಾ 41ಕ್ಕೆ ನಿಂತಿತು.

ಪಕ್ಕದ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಇಂಥದೇ ಸ್ಥಿತಿಯ 531 ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊಟ ಮತ್ತು ನಡಿಗೆಯ ಬದಲಾವಣೆಯಿಂದ ಮೂರು ವರ್ಷದಲ್ಲಿ ಅಪಾಯ ಶೇಕಡಾ 28.5ರಷ್ಟು ತಗ್ಗಿತು. ಆ ಪ್ರಯೋಗದ ಒಂದು ನಿಯಮವನ್ನು ನಾನು ಅಂಕಿಗಿಂತ ಹೆಚ್ಚು ಮೆಚ್ಚುತ್ತೇನೆ. ಕೂತು ಕೆಲಸ ಮಾಡುವವರಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯಲು ಹೇಳಿದ ವೈದ್ಯರು, ದೈಹಿಕ ದುಡಿಮೆಯವರಿಗೆ ಮತ್ತು ಅಷ್ಟು ಹೊತ್ತು ಹೇಗೂ ನಡೆಯುವ ಇಲ್ಲವೇ ಸೈಕಲ್ ತುಳಿಯುವವರಿಗೆ ಹೊಸದೇನನ್ನೂ ಹೇರಲಿಲ್ಲ. ಈಗಿರುವುದನ್ನೇ ಮುಂದುವರಿಸಿ ಎಂದರು. ಯಾರ ದಿನದಲ್ಲಿ ಚಲನೆ ಈಗಾಗಲೇ ಇದೆ, ಯಾರ ದಿನದಿಂದ ಅದು ಕಳೆದುಹೋಗಿದೆ ಎಂದು ಮೊದಲು ಕೇಳಿ, ಸಲಹೆಯನ್ನು ಆಮೇಲೆ ಬರೆದರು.